ಫಿಜಿ ಕ್ರ್ಯಾಶ್ ಆಗ್ತಿದೆಯಾ? ಅಳಿಸಿ ಮತ್ತೆ ಹಾಕುವ ಮೊದಲು ಇದನ್ನು ಓದಿ

ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರಗಳನ್ನು ಡೆಸ್ಕ್‌ಟಾಪಿಗೆ ತಂದು ಫಿಜಿಯಲ್ಲಿ ತೆರೆಯಲು ಹೋದರೆ ಒಮ್ಮೊಮ್ಮೆ ಸಾಫ್ಟ್‌ವೇರ್ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಒಮ್ಮೊಮ್ಮೆ ಪರದೆ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಆಗ ಬಹಳ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ಹಾಕುವುದು. ಎರಡನೆಯ ಕೆಲಸ, ಯಾರೋ ಹೇಳಿದರು ಅಂತ ಚಿತ್ರವನ್ನು ಜೆಪೆಗ್ ಮಾಡಿಯೋ 8 ಬಿಟ್‌ಗೆ, ಅಂದರೆ ಪಿಕ್ಸೆಲ್‌ಗೆ ಒಂದೇ ಬೈಟ್‌ಗೆ, ಇಳಿಸಿಯೋ ಮತ್ತೆ ತೆರೆಯುವುದು. ಮೊದಲನೆಯದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಸಮಯ ಹಾಳು ಅಷ್ಟೇ. ಎರಡನೆಯದು ನಿಜವಾಗಿಯೂ ಅಪಾಯ, ಯಾಕೆಂದರೆ ಸಾಫ್ಟ್‌ವೇರ್ ಸರಿಯಾಗಿ ಓಡುತ್ತದೆ, ಆದರೆ ನೀವು ಅಳೆಯುವ ಸಂಖ್ಯೆಗಳೇ ಬದಲಾಗಿರುತ್ತವೆ. ಅದಕ್ಕೇ ಈ ಲೇಖನ.

ಗೊತ್ತಿಲ್ಲದವರಿಗೆ ಎರಡು ಮಾತು. ಇಮೇಜ್‌ಜೆ ಎಂಬುದು ವಿಜ್ಞಾನದ ಚಿತ್ರಗಳನ್ನು ಅಳೆಯಲು, ಎಣಿಸಲು ಬಳಸುವ ಉಚಿತ ಸಾಫ್ಟ್‌ವೇರ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ ಮೊದಲು ಮ್ಯಾಕ್ ಕಂಪ್ಯೂಟರಿಗಾಗಿ ಎನ್‌ಐಎಚ್ ಇಮೇಜ್ ಎಂಬುದನ್ನು ಬರೆದರು. ಆಮೇಲೆ 1997ರಲ್ಲಿ ಎಲ್ಲ ಕಂಪ್ಯೂಟರುಗಳಲ್ಲೂ ಓಡಲಿ ಅಂತ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಮೇಜ್‌ಜೆ ಬಂತು. ಅದೇ ಇಮೇಜ್‌ಜೆಗೆ ಜೀವವಿಜ್ಞಾನದವರಿಗೆ ಬೇಕಾದ ಪ್ಲಗಿನ್‌ಗಳನ್ನೆಲ್ಲ (ಹೊಸ ಕೆಲಸ ಕಲಿಸುವ ಪುಟ್ಟ ಜೋಡಣೆಗಳು) ಸೇರಿಸಿ ಕಟ್ಟಿಕೊಟ್ಟದ್ದು ಫಿಜಿ. ಜಾವಾ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಅರ್ಧಕ್ಕರ್ಧ ತೊಂದರೆಗಳ ಬೇರು ಅಲ್ಲಿದೆ.

"ಕ್ರ್ಯಾಶ್ ಆಯ್ತು" ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರೊಳಗೆ ಬೇರೆ ಬೇರೆ ಸಂಗತಿಗಳಿವೆ. ಮೆಮೊರಿ ಸಾಲದು ಎಂದು ಸಂದೇಶ ಕೊಟ್ಟು ಕೆಲಸ ನಿಲ್ಲಿಸುವುದು ಒಂದು. ಪರದೆ ನಿಂತುಹೋಗಿ ಯಾವ ಬಟನ್ ಒತ್ತಿದರೂ ಮಾತಾಡದಿರುವುದು ಇನ್ನೊಂದು. ಯಾವ ಸಂದೇಶವೂ ಇಲ್ಲದೆ ಇಡೀ ಫಿಜಿಯೇ ಮಾಯವಾಗುವುದು ಮತ್ತೊಂದು. ಕಂಪ್ಯೂಟರೇ ಆಫ್ ಆಗಿ ಮತ್ತೆ ಶುರುವಾದರೆ ಅದು ಪೂರ್ತಿ ಬೇರೆಯೇ ಕಥೆ. ಐಕಾನ್ ಒತ್ತಿದರೆ ಏನೂ ತೆರೆಯದಿರುವುದೂ ಇದೆ. ಇವುಗಳ ಕಾರಣ ಒಂದಲ್ಲ, ಮದ್ದೂ ಒಂದಲ್ಲ. ಹಾಗಾಗಿ ಏನನ್ನೂ ಮುಟ್ಟುವ ಮೊದಲು ಹೇಗೆ ನಿಂತಿತು ಅನ್ನುವುದನ್ನು ಗಮನಿಸಿ, ಪರದೆ ಮೇಲೆ ಏನಾದರೂ ಬರಹ ಬಂದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ಸುಲಭದ ಪರೀಕ್ಷೆ ಇದೆ. ಫೈಲ್ ಮೆನುವಿನಲ್ಲಿ ಓಪನ್ ಸ್ಯಾಂಪಲ್ಸ್ ಅಂತ ಇರುತ್ತದೆ, ಅದರೊಳಗೆ ಬ್ಲಾಬ್ಸ್ ಎಂಬ ಪುಟ್ಟ ಚಿತ್ರ. ಇಂಟರ್ನೆಟ್ ಇದ್ದರೆ ಕ್ಷಣದಲ್ಲಿ ಬರುತ್ತದೆ. ನಿಮ್ಮ ಫೈಲಿನ ಮೇಲೆ ಮಾಡುತ್ತಿದ್ದ ಕೆಲಸವನ್ನೇ ಅದರ ಮೇಲೆ ಮಾಡಿ ನೋಡಿ. ಬ್ಲಾಬ್ಸ್ ಮೇಲೆ ಸರಿಯಾಗಿ ನಡೆದರೆ ಸಾಫ್ಟ್‌ವೇರ್ ಚೆನ್ನಾಗಿದೆ, ತೊಂದರೆ ನಿಮ್ಮ ಫೈಲಿನಲ್ಲಿ ಅಥವಾ ಅದರ ಗಾತ್ರದಲ್ಲಿ. ಅಲ್ಲೂ ನಿಂತುಹೋದರೆ ಫೈಲಿನ ಮೇಲೆ ಅನುಮಾನ ಬೇಡ. ಅರ್ಧ ದಾರಿ ಇಲ್ಲೇ ಸವೆಯುತ್ತದೆ.

ಈಗ ಮೆಮೊರಿ. ಎಲ್ಲಕ್ಕಿಂತ ಜಾಸ್ತಿ ಕಾಣಿಸುವ ತೊಂದರೆ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

"ಫೈಲ್ ಬರೀ 600 ಎಂಬಿ ಇದೆ, ನನ್ನ ಕಂಪ್ಯೂಟರಲ್ಲಿ 8 ಜಿಬಿ ರ್‍ಯಾಮ್ ಇದೆ, ಆದರೂ ಸಾಲಲ್ಲ ಅಂದ್ರೆ ಹೇಗೆ?" ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಡಿಸ್ಕಿನಲ್ಲಿರುವ ಫೈಲು ಬೀರುವಿನಲ್ಲಿ ಮಡಚಿಟ್ಟ ಸೀರೆಯ ಹಾಗೆ, ಒಂದು ಗೇಣು ಜಾಗ ಸಾಕು, ಬಿಡಿಸಿ ಹಾಸಿದರೆ ಕೋಣೆ ಉದ್ದಕ್ಕೂ ಬರುತ್ತದೆ. ಒತ್ತಿ ಚಿಕ್ಕದು ಮಾಡಿ ಉಳಿಸಿದ ಫೈಲು ರ್‍ಯಾಮಿಗೆ ಬರುವಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆಗ ಲೆಕ್ಕಕ್ಕೆ ಬರುವುದು ಪಿಕ್ಸೆಲ್ ಎಷ್ಟು, ಒಂದೊಂದು ಪಿಕ್ಸೆಲ್‌ಗೆ ಎಷ್ಟು ಬೈಟ್ ಅನ್ನುವುದು ಮಾತ್ರ.

ಲೆಕ್ಕ ಮಾಡಿಯೇ ನೋಡೋಣ. ಈಗಿನ ಕ್ಯಾಮೆರಾಗಳಲ್ಲಿ 2048 ಅಡ್ಡ, 2048 ಉದ್ದದ ಚಿತ್ರ ಮಾಮೂಲು. 16 ಬಿಟ್ ಅಂದರೆ ಪಿಕ್ಸೆಲ್‌ಗೆ 2 ಬೈಟ್. ಹಾಗಾದರೆ ಒಂದು ಹಾಳೆಗೆ, ಅಂದರೆ ಒಂದು ಚಿತ್ರಕ್ಕೆ, 8 ಎಂಬಿ. ಜೀವಕೋಶದ ಆಳಕ್ಕೆ ಇಳಿಯುತ್ತಾ 100 ಹಾಳೆ ತೆಗೆದಿದ್ದೀರಿ, ಮೂರು ಬಣ್ಣಗಳಲ್ಲಿ. 300 ಹಾಳೆ, 2.4 ಜಿಬಿ. ಇದು ಬರೀ ತೆರೆದದ್ದಕ್ಕೆ. ಮೂಲ ಹಾಳಾಗಬಾರದು ಅಂತ ಡೂಪ್ಲಿಕೇಟ್ ಮಾಡುತ್ತೀರಿ, ಮಾಡಲೇಬೇಕು, ಅದು ಒಳ್ಳೆಯ ಅಭ್ಯಾಸ. ಮತ್ತೆ 2.4. ಆ ಪ್ರತಿಯನ್ನು ಭಾಗಾಕಾರ, ಕಳೆಯುವುದು ಮುಂತಾದ ಲೆಕ್ಕಕ್ಕಾಗಿ 32 ಬಿಟ್ ಮಾಡಿದರೆ ಅದು ಎರಡು ಪಟ್ಟಾಗಿ 4.8 ಆಗುತ್ತದೆ. ಮೂಲದ 2.4, ಪ್ರತಿಯ 4.8, ಒಟ್ಟು 7.2 ಜಿಬಿ. ಇನ್ನೂ ನೀವು ಒಂದು ಫಿಲ್ಟರ್ ಕೂಡ ಹಾಕಿಲ್ಲ!

ಇನ್ನು ಆ 8 ಜಿಬಿ ರ್‍ಯಾಮ್ ಕಥೆ. ಜಾವಾದಲ್ಲಿ ಓಡುವ ಸಾಫ್ಟ್‌ವೇರಿಗೆ "ಇಷ್ಟೇ ಮೆಮೊರಿ ಬಳಸು" ಅಂತ ಶುರುವಿನಲ್ಲೇ ಒಂದು ಮಿತಿ ಹಾಕಿರುತ್ತಾರೆ. ಫಿಜಿ ಸಾಮಾನ್ಯವಾಗಿ ಕಂಪ್ಯೂಟರಿನ ರ್‍ಯಾಮಿನಲ್ಲಿ ಮುಕ್ಕಾಲು ಭಾಗವನ್ನು ತೆಗೆದುಕೊಳ್ಳುತ್ತದೆ. 8 ಜಿಬಿಯಲ್ಲಿ ಮುಕ್ಕಾಲು ಅಂದರೆ 6. ನಮಗೆ ಬೇಕಾದದ್ದು 7.2. ಸರಿ, ಅಲ್ಲಿಗೆ ನಿಂತಿತು. ಇಲ್ಲಿ ಸಾಫ್ಟ್‌ವೇರಿನದು ಏನೂ ತಪ್ಪಿಲ್ಲ, ಅಲ್ವಾ?

ಈಗ ಎಷ್ಟು ಬಳಸಿದೆ ಅಂತ ತಿಳಿಯಲು ಫಿಜಿಯ ಪುಟ್ಟ ಕಿಟಕಿಯ ಕೆಳಗಿನ ಸಾಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಎಷ್ಟು ಎಂಬಿಯಲ್ಲಿ ಎಷ್ಟು ಖರ್ಚಾಗಿದೆ ಅಂತ ತೋರಿಸುತ್ತದೆ, ಹಾಗೆ ಕ್ಲಿಕ್ ಮಾಡಿದಾಗಲೇ ಬೇಡವಾದ ಕಸವನ್ನೂ ಮೆಮೊರಿಯಿಂದ ಗುಡಿಸುತ್ತದೆ. ಮಿತಿ ಬದಲಿಸಬೇಕಿದ್ದರೆ ಎಡಿಟ್, ಆಪ್ಷನ್ಸ್, ಮೆಮೊರಿ ಆಂಡ್ ಥ್ರೆಡ್ಸ್. ಸಂಖ್ಯೆ ಬದಲಿಸಿದ ಮೇಲೆ ಫಿಜಿ ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಬದಲಾವಣೆ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ 16 ಜಿಬಿ ಇದೆ ಅಂತ 16 ಜಿಬಿಯನ್ನೂ ಕೊಟ್ಟುಬಿಡಬೇಡಿ. ವಿಂಡೋಸ್‌ಗೂ ಬ್ರೌಸರಿಗೂ ಉಸಿರಾಡಲು ಜಾಗ ಬೇಕು. ಇರುವುದಕ್ಕಿಂತ ಜಾಸ್ತಿ ಕೊಟ್ಟರೆ ಕಂಪ್ಯೂಟರ್ ರ್‍ಯಾಮಿನ ಬದಲು ಡಿಸ್ಕನ್ನು ಬಳಸತೊಡಗುತ್ತದೆ. ಆಗ ಕ್ರ್ಯಾಶ್ ಆಗುವುದಿಲ್ಲ, ಆಮೆ ವೇಗಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಇಂಥ ದೊಡ್ಡ ಸಂಖ್ಯೆಯಿಂದ ಫಿಜಿ ಶುರುವೇ ಆಗದಿರಬಹುದು.

ರ್‍ಯಾಮ್ ಹೆಚ್ಚಿಸಲು ದುಡ್ಡಿಲ್ಲ ಅಂದರೂ ದಾರಿ ಇದೆ. ಬಯೋ-ಫಾರ್ಮ್ಯಾಟ್ಸ್ ಎಂಬ ಪ್ಲಗಿನ್ ಫಿಜಿಯ ಜೊತೆಗೇ ಬರುತ್ತದೆ, ಬೇರೆ ಬೇರೆ ಮೈಕ್ರೋಸ್ಕೋಪ್ ಕಂಪನಿಗಳ ಫೈಲುಗಳನ್ನು ಓದುವುದು ಅದೇ. ತೆರೆಯುವಾಗ ಅದು ಒಂದು ದೊಡ್ಡ ಕಿಟಕಿ ತೋರಿಸುತ್ತದೆ. ಎಲ್ಲರೂ ಅದನ್ನು ಓದದೆ ಓಕೆ ಒತ್ತುತ್ತಾರೆ. ಒಮ್ಮೆ ನಿಧಾನವಾಗಿ ಓದಿ. ಚಿತ್ರದ ಒಂದು ಭಾಗವನ್ನು ಮಾತ್ರ ಕತ್ತರಿಸಿ ತರಬಹುದು. 1ರಿಂದ 30ರವರೆಗಿನ ಹಾಳೆ ಮಾತ್ರ ಸಾಕು ಅನ್ನಬಹುದು. ವರ್ಚುವಲ್ ಸ್ಟ್ಯಾಕ್ ಅಂತ ಒಂದು ಟಿಕ್ ಗುರುತಿದೆ, ಅದನ್ನು ಹಾಕಿದರೆ ಎಲ್ಲ ಹಾಳೆಗಳೂ ಒಟ್ಟಿಗೆ ಮೆಮೊರಿಗೆ ಬರುವುದಿಲ್ಲ, ನೀವು ನೋಡುತ್ತಿರುವುದು ಮಾತ್ರ ಡಿಸ್ಕಿನಿಂದ ಬರುತ್ತದೆ. 80 ಜಿಬಿ ಫೈಲನ್ನೂ ಹೀಗೆ ಸಾಧಾರಣ ಕಂಪ್ಯೂಟರಲ್ಲಿ ತಿರುವಿ ನೋಡಬಹುದು. ಆದರೆ ಒಂದು ಎಚ್ಚರ: ವರ್ಚುವಲ್ ಸ್ಟ್ಯಾಕಿನಲ್ಲಿ ಒಂದು ಹಾಳೆಯನ್ನು ತಿದ್ದಿ ಮುಂದಿನದಕ್ಕೆ ಹೋದರೆ ತಿದ್ದಿದ್ದು ಉಳಿಯುವುದಿಲ್ಲ. ನೋಡಲು, ಬೇಕಾದ ಭಾಗ ಆರಿಸಲು ಅದನ್ನು ಬಳಸಿ, ಆರಿಸಿದ ಭಾಗವನ್ನು ಡೂಪ್ಲಿಕೇಟ್ ಮಾಡಿ ಅದರ ಮೇಲೆ ಕೆಲಸ ಮಾಡಿ.

64 ಜಿಬಿ ರ್‍ಯಾಮ್ ಇದ್ದರೂ ತೆರೆಯದ ಚಿತ್ರಗಳಿವೆ. ಜಾವಾದಲ್ಲಿ ಒಂದೇ ಸಾಲಿನಲ್ಲಿ ಜೋಡಿಸಿಡಬಹುದಾದ ಅಂಶಗಳಿಗೆ ಒಂದು ಮಿತಿ ಇದೆ, 214 ಕೋಟಿ ಚಿಲ್ಲರೆ. ಇಮೇಜ್‌ಜೆ ಒಂದು ಹಾಳೆಯನ್ನು ಹೀಗೆ ಒಂದೇ ಸಾಲಾಗಿ ಇಟ್ಟುಕೊಳ್ಳುತ್ತದೆ. ಚೌಕಾಕಾರದ ಚಿತ್ರವಾದರೆ ಒಂದು ಬದಿಗೆ 46,340 ಪಿಕ್ಸೆಲ್ ದಾಟಿದರೆ ಆಗುವುದಿಲ್ಲ. ಬಯೋ-ಫಾರ್ಮ್ಯಾಟ್ಸ್ ಮೂಲಕ ಬಂದರೆ ಮಿತಿ ಬೈಟ್ ಲೆಕ್ಕದಲ್ಲಿ, ಒಂದು ಹಾಳೆಗೆ 2 ಜಿಬಿ, ಅಂದರೆ 16 ಬಿಟ್ ಚಿತ್ರಕ್ಕೆ ಅದರ ಅರ್ಧದಷ್ಟು ಪಿಕ್ಸೆಲ್ ಮಾತ್ರ. ರೋಗಶಾಸ್ತ್ರದವರು ಇಡೀ ಗಾಜಿನ ಸ್ಲೈಡನ್ನು ಸ್ಕ್ಯಾನ್ ಮಾಡಿದ ಚಿತ್ರಗಳು ಇದನ್ನು ಸುಲಭವಾಗಿ ದಾಟುತ್ತವೆ. ಅದಕ್ಕೆ ಎಷ್ಟು ರ್‍ಯಾಮ್ ಹಾಕಿದರೂ ಪ್ರಯೋಜನವಿಲ್ಲ. ಆ ಫೈಲಿನೊಳಗೆ ಅದೇ ಚಿತ್ರದ ಚಿಕ್ಕ ಆವೃತ್ತಿಗಳೂ ಸಾಮಾನ್ಯವಾಗಿ ಇರುತ್ತವೆ, ಅವುಗಳಲ್ಲಿ ಒಂದನ್ನು ತೆರೆಯಿರಿ, ಅಥವಾ ಇಂಥದ್ದಕ್ಕೆಂದೇ ಮಾಡಿರುವ ಕ್ಯೂಪಾತ್ ಬಳಸಿ. ಅದೂ ಉಚಿತ. ಸ್ಲೈಡ್ ಚಿತ್ರಗಳಿಗೆ ನಾನಂತೂ ಕಣ್ಣು ಮುಚ್ಚಿ ಕ್ಯೂಪಾತ್ ಎನ್ನುತ್ತೇನೆ.

ಮ್ಯಾಕ್ರೋ (ಒಂದರ ಹಿಂದೊಂದು ತಾನಾಗಿ ನಡೆಯುವ ಆದೇಶಗಳ ಪಟ್ಟಿ) ಬರೆದು ನೂರಾರು ಚಿತ್ರಗಳನ್ನು ರಾತ್ರಿಯಿಡೀ ಓಡಿಸುವವರ ತೊಂದರೆ ಬೇರೆ ಥರ. ಮೊದಲ ನಲವತ್ತು ಚಿತ್ರ ಸರಿಯಾಗಿ ಆಗುತ್ತವೆ, ಆಮೇಲೆ ನಿಲ್ಲುತ್ತದೆ. ಮತ್ತೆ ಶುರು ಮಾಡಿದರೆ ಅದೇ ನಲವತ್ತೊಂದನೆಯ ಚಿತ್ರ ಒಂಟಿಯಾಗಿ ಚೆನ್ನಾಗಿ ನಡೆಯುತ್ತದೆ. ಹೀಗಿದ್ದರೆ ಚಿತ್ರದ ಮೇಲೆ ಅನುಮಾನ ಬೇಡ, ಮ್ಯಾಕ್ರೋ ಎಲ್ಲೋ ಚಿತ್ರಗಳನ್ನು ಮುಚ್ಚದೆ ಬಿಡುತ್ತಿದೆ. ಬ್ಯಾಚ್ ಮೋಡ್‌ನಲ್ಲಿ ಚಿತ್ರಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಮೆಮೊರಿಯಲ್ಲಿ ಕೂತಿರುತ್ತವೆ. ಸುತ್ತಿನ ಕೊನೆಯಲ್ಲಿ ಎಲ್ಲ ಚಿತ್ರಗಳನ್ನು ಮುಚ್ಚುವ ಒಂದು ಸಾಲು, ಆರಿಸಿದ ಭಾಗಗಳನ್ನು ನೆನಪಿಟ್ಟುಕೊಳ್ಳುವ ಆರ್‌ಒಐ ಮ್ಯಾನೇಜರ್ ಖಾಲಿ ಮಾಡುವ ಒಂದು ಸಾಲು ಸೇರಿಸಿ. ಪ್ರತಿ ಚಿತ್ರದ ಫಲಿತಾಂಶವನ್ನು ಆಗಲೇ ಡಿಸ್ಕಿಗೆ ಬರೆಯಿರಿ, ಕೊನೆಯಲ್ಲಿ ಒಟ್ಟಿಗೆ ಬರೆಯೋಣ ಅಂತ ಬಿಟ್ಟರೆ ಬೆಳಗಿನ ಜಾವ ನಾಲ್ಕಕ್ಕೆ ಕ್ರ್ಯಾಶ್ ಆದಾಗ ಇಡೀ ರಾತ್ರಿಯ ಕೆಲಸ ಹೋಗುತ್ತದೆ.

ಹೆಪ್ಪುಗಟ್ಟಿದಂತೆ ನಿಂತಿರುವುದು ಕ್ರ್ಯಾಶ್ ಅಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ವಿಂಡೋಸ್ "ಪ್ರತಿಕ್ರಿಯಿಸುತ್ತಿಲ್ಲ" ಅಂದ ಕೂಡಲೇ ಕೊಲ್ಲಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್, ಡಿಸ್ಕ್, ಮೆಮೊರಿ ಮೂರನ್ನೂ ನೋಡಿ. ಡಿಸ್ಕ್ ಓಡುತ್ತಿದ್ದರೆ ಫೈಲ್ ಇನ್ನೂ ಬರುತ್ತಿದೆ, ನೆಟ್‌ವರ್ಕಿನಿಂದಲೋ ಪೆನ್‌ಡ್ರೈವಿನಿಂದಲೋ ನೇರ ತೆರೆದಿದ್ದರಂತೂ ಬಹಳ ಹೊತ್ತು ಬೇಕು, ಮೊದಲು ಒಳಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಪ್ರೊಸೆಸರ್ ಪೂರ್ತಿ ದುಡಿಯುತ್ತಿದೆ, ಮೆಮೊರಿ ಮಿತಿಗೆ ತಾಗಿದೆ, ಆದರೆ ಏನೂ ಮುಂದೆ ಹೋಗುತ್ತಿಲ್ಲ ಅಂದರೆ ಜಾವಾ ಕಸ ಗುಡಿಸುವುದರಲ್ಲೇ ಮುಳುಗಿದೆ, ಅದು ಮತ್ತೆ ಮೆಮೊರಿಯ ಕಥೆಯೇ. ಎಲ್ಲವೂ ಸುಮ್ಮನಿದ್ದು ಕಿಟಕಿ ಮಾತ್ರ ಸತ್ತಂತಿದ್ದರೆ ಪ್ಲಗಿನ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಎರಡು ಮಾನಿಟರ್ ಇರುವವರು ಇನ್ನೊಂದನ್ನೂ ನೋಡಿ, ಸುಮ್ನೆ ಒಂದು ಪುಟ್ಟ ಸಂದೇಶದ ಕಿಟಕಿ ಉತ್ತರಕ್ಕಾಗಿ ಅಲ್ಲಿ ಕಾಯುತ್ತಿರಬಹುದು.

ಮಾಯವಾಗುವ ಥರದ್ದು ಜನರನ್ನು ತುಂಬಾ ಗಾಬರಿ ಮಾಡುತ್ತದೆ, ಆದರೆ ಅದೇ ಅತ್ಯಂತ ಒಳ್ಳೆಯ ಸುಳಿವನ್ನೂ ಬಿಟ್ಟುಹೋಗುತ್ತದೆ. ಜಾವಾ ತಾನೇ ಬಿದ್ದಾಗ ಒಂದು ಬರಹದ ಫೈಲನ್ನು ಬರೆದಿಟ್ಟು ಸಾಯುತ್ತದೆ. ಅದರ ಹೆಸರು ಎಚ್‌ಎಸ್, ಎರರ್, ಪಿಐಡಿ (hs_err_pid) ಅಂತ ಶುರುವಾಗಿ, ಆಮೇಲೆ ಒಂದು ಸಂಖ್ಯೆ ಬಂದು .log ಅಂತ ಮುಗಿಯುತ್ತದೆ. ಫಿಜಿಯ ಫೋಲ್ಡರಿನಲ್ಲಿ ಹುಡುಕಿ, ಇಲ್ಲದಿದ್ದರೆ ಟೆಂಪ್ ಫೋಲ್ಡರಿನಲ್ಲಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೇಲ್ಗಡೆಯೇ ಪ್ರಾಬ್ಲಮ್ಯಾಟಿಕ್ ಫ್ರೇಮ್ ಎಂಬ ಸಾಲು, ಅದರ ಕೆಳಗೆ ಯಾವ ಫೈಲಿನೊಳಗೆ ಕುಸಿದದ್ದು ಅಂತ ಹೆಸರು. ಆ ಹೆಸರು ಎನ್‌ವಿ ಓಜಿಎಲ್ (nvogl) ಅಂತ ಶುರುವಾದರೆ ಅದು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಎಟಿಐಓ (atio) ಅಂತಿದ್ದರೆ ಎಎಮ್‌ಡಿಯದು. ಮೂರು ಆಯಾಮದಲ್ಲಿ ತೋರಿಸುವ 3ಡಿ ವ್ಯೂವರ್ ತೆರೆದಾಗ ಮಾತ್ರ ಫಿಜಿ ಬೀಳುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ. ಡ್ರೈವರ್ ಹೊಸದು ಮಾಡಿ, ವಿಂಡೋಸ್ ತಾನಾಗಿ ಹಾಕಿದ್ದಲ್ಲ, ಕಾರ್ಡ್ ಕಂಪನಿಯ ತಾಣದಿಂದ ತಂದದ್ದು. ಹೊಸದು ಹಾಕಿದ ಮೇಲೇ ಶುರುವಾದ ತೊಂದರೆಯಾದರೆ ಹಿಂದಿನದಕ್ಕೆ ಮರಳಿ.

ಗ್ರಾಫಿಕ್ಸ್ ಕಾರ್ಡಿನಲ್ಲೇ ಲೆಕ್ಕ ಮಾಡುವ ಸಿಎಲ್‌ಐಜೆಯಂಥ ಪ್ಲಗಿನ್ ಬಳಸುವವರಿಗೆ ಇನ್ನೊಂದು ವಿಷಯ. ವಿಂಡೋಸ್ ಗ್ರಾಫಿಕ್ಸ್ ಕಾರ್ಡಿನ ಮೇಲೆ ಕಣ್ಣಿಟ್ಟಿರುತ್ತದೆ. ಅದು 2 ಸೆಕೆಂಡ್ ಮಾತಾಡದಿದ್ದರೆ ಸತ್ತುಹೋಯಿತು ಅಂತ ತಿಳಿದು ಡ್ರೈವರನ್ನೇ ಮತ್ತೆ ಶುರು ಮಾಡಿಬಿಡುತ್ತದೆ. ಮಾನಿಟರಿಗೂ ಲೆಕ್ಕಕ್ಕೂ ಒಂದೇ ಕಾರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ ದೊಡ್ಡ ಚಿತ್ರ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬರುತ್ತದೆ, ಲೆಕ್ಕ ಅಲ್ಲೇ ಸತ್ತಿರುತ್ತದೆ. ಚಿತ್ರವನ್ನು ತುಂಡು ಮಾಡಿ ಕೊಡುವುದು ಇದಕ್ಕೆ ಸುರಕ್ಷಿತ ದಾರಿ.

ಕಂಪ್ಯೂಟರೇ ಆಫ್ ಆದರೆ ಫಿಜಿಯನ್ನು ಬಿಟ್ಟುಬಿಡಿ. ಸಾಮಾನ್ಯ ಸಾಫ್ಟ್‌ವೇರಿಗೆ ಇಡೀ ಯಂತ್ರವನ್ನು ಕೆಡವುವ ಶಕ್ತಿ ಇರುವುದಿಲ್ಲ. ಎಲ್ಲ ಕೋರ್‌ಗಳನ್ನೂ ಗಂಟೆಗಟ್ಟಲೆ ದುಡಿಸಿದಾಗ ಬಿಸಿ, ಪವರ್ ಸಪ್ಲೈ, ಹಳೆಯ ಬ್ಯಾಟರಿಯ ಯುಪಿಎಸ್, ಕೆಟ್ಟ ರ್‍ಯಾಮ್ ಕಡ್ಡಿ, ಇವುಗಳಲ್ಲಿ ದುರ್ಬಲವಾದದ್ದು ಕೈಕೊಡುತ್ತದೆ. ಫ್ಯಾನಿನ ಧೂಳು ತೆಗೆಯಿರಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಇವೆಂಟ್ ವ್ಯೂವರಿನಲ್ಲಿ ಕರ್ನೆಲ್-ಪವರ್ 41 ಅಂತ ಕಂಡರೆ ಯಂತ್ರ ಸರಿಯಾಗಿ ಮುಚ್ಚದೆ ನಿಂತಿದೆ ಅಂತ ಅರ್ಥ, ಯಾಕೆ ಅಂತ ಅದು ಹೇಳುವುದಿಲ್ಲ, ಆದರೆ ಹುಡುಕಾಟ ಹಾರ್ಡ್‌ವೇರ್ ಅಥವಾ ಡ್ರೈವರ್ ಕಡೆಗೆ ತಿರುಗಬೇಕು ಅನ್ನುವುದಕ್ಕೆ ಅಷ್ಟು ಸಾಕು.

ಐಕಾನ್ ಒತ್ತಿದರೆ ಏನೂ ಬಾರದಿದ್ದಾಗ ಮೊದಲು ಫೋಲ್ಡರ್ ಎಲ್ಲಿದೆ ನೋಡಿ. ಫಿಜಿಯನ್ನು ಇನ್‌ಸ್ಟಾಲ್ ಮಾಡುವುದಿಲ್ಲ, ಜಿಪ್ ಬಿಚ್ಚಿ ಇಟ್ಟರೆ ಆಯಿತು. ಆದರೆ ಅದು ತನ್ನ ಫೋಲ್ಡರಿನಲ್ಲಿ ತಾನೇ ಬರೆಯಬೇಕು, ಅಪ್‌ಡೇಟ್ ಆಗಬೇಕು. ಪ್ರೋಗ್ರಾಮ್ ಫೈಲ್ಸ್ ಒಳಗಿಟ್ಟರೆ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಮ್ಯಾಕ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ಓಡಿಸಿದರೂ ತೊಂದರೆ, ಬೇರೆ ಕಡೆಗೆ ಎಳೆದಿಡಿ. ಒನ್‌ಡ್ರೈವ್ ಜೊತೆ ಹೊಂದಿಕೊಂಡಿರುವ ಡೆಸ್ಕ್‌ಟಾಪ್ ಬೇಡ. ಫೋಲ್ಡರಿನ ದಾರಿಯಲ್ಲಿ ಕನ್ನಡ ಅಕ್ಷರಗಳಿದ್ದರೆ, ಮನಸ್ಸಿಗೆ ಬೇಜಾರಾದರೂ, ಒಮ್ಮೆ ಇಂಗ್ಲಿಷ್ ಅಕ್ಷರಗಳ ದಾರಿಯಲ್ಲಿಟ್ಟು ಪರೀಕ್ಷಿಸಿ.

ಹೊಸ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿ ನೋಡುವುದು ಒಳ್ಳೆಯ ಪರೀಕ್ಷೆ, ಹಳೆಯದನ್ನು ಅಳಿಸುವ ಅಗತ್ಯವೂ ಇಲ್ಲ. ಹೊಸದರಲ್ಲಿ ತೊಂದರೆ ಇಲ್ಲದಿದ್ದರೆ ಹಳೆಯದರ ಪ್ಲಗಿನ್‌ಗಳ ನಡುವೆ ಜಗಳವಿದೆ. ಯಾರೋ ಕೊಟ್ಟ ಜಾರ್ ಫೈಲನ್ನು (ಪ್ಲಗಿನ್ ಬರುವುದು ಈ ರೂಪದಲ್ಲಿ) ಪ್ಲಗಿನ್ಸ್ ಫೋಲ್ಡರಿಗೆ ಎಸೆದಾಗ ಒಂದೇ ಪ್ಲಗಿನ್‌ನ ಎರಡು ಆವೃತ್ತಿಗಳು ಕೂತಿರುತ್ತವೆ. ನೋ ಸಚ್ ಮೆಥಡ್, ಕ್ಲಾಸ್ ನಾಟ್ ಫೌಂಡ್ ಎಂಬ ಕೆಂಪು ಬರಹಗಳು ಬರುವುದು ಹೆಚ್ಚಾಗಿ ಹೀಗೆ. ಹೆಲ್ಪ್ ಮೆನುವಿನ ಅಪ್‌ಡೇಟ್‌ಗೆ ಹೋಗಿ ಅಡ್ವಾನ್ಸ್‌ಡ್ ಮೋಡ್ ತೆರೆದರೆ ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಇರುವ ಫೈಲುಗಳ ಪಟ್ಟಿ ಸಿಗುತ್ತದೆ, ಕಳ್ಳ ಅಲ್ಲೇ ಇರುತ್ತಾನೆ. ಹೊಸ ಪ್ರತಿಯಲ್ಲೂ ಅದೇ ತೊಂದರೆಯೇ? ಆಗ ಒಂದು ಮುಖ್ಯ ಸಂಗತಿ. ಇಮೇಜ್‌ಜೆ ತನ್ನ ಸೆಟ್ಟಿಂಗ್‌ಗಳನ್ನು ಐಜೆ ಪ್ರೆಫ್ಸ್ (IJ_Prefs) ಎಂಬ ಫೈಲಿನಲ್ಲಿ, ಫಿಜಿಯ ಫೋಲ್ಡರಿನಿಂದ ಹೊರಗೆ, ನಿಮ್ಮ ಯೂಸರ್ ಫೋಲ್ಡರಿನಲ್ಲಿ ಇಡುತ್ತದೆ. ಎಷ್ಟು ಸಲ ಅಳಿಸಿ ಹಾಕಿದರೂ ಆ ಹಳೆಯ ಫೈಲನ್ನೇ ಹೊಸ ಫಿಜಿಯೂ ಓದುತ್ತದೆ. ಎಡಿಟ್, ಆಪ್ಷನ್ಸ್ ಕೆಳಗಿನ ರೀಸೆಟ್ ಅದನ್ನು ಅಳಿಸುತ್ತದೆ, ಫಿಜಿ ತೆರೆಯುವುದೇ ಇಲ್ಲ ಅಂದರೆ ಆ ಫೈಲಿನ ಹೆಸರನ್ನು ಕೈಯಾರೆ ಬದಲಿಸಿ.

ಒಂದೇ ಒಂದು ಫೈಲ್ ಮಾತ್ರ ತೆರೆಯದಿದ್ದರೆ, ಅದರ ಅಕ್ಕಪಕ್ಕದವೆಲ್ಲ ತೆರೆಯುತ್ತಿದ್ದರೆ, ನಕಲು ಅರ್ಧಕ್ಕೆ ನಿಂತಿರಬಹುದು. ಮೈಕ್ರೋಸ್ಕೋಪಿನ ಕಂಪ್ಯೂಟರಿನಲ್ಲಿರುವ ಮೂಲದ ಗಾತ್ರವನ್ನು ಬೈಟ್ ಬೈಟ್ ಹೋಲಿಸಿ. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದೇ ಇಲ್ಲ. ಮೂಲವನ್ನು ಅಳಿಸುವ ಮೊದಲು ಇದನ್ನು ನೋಡಿಕೊಳ್ಳಿ, ದಯವಿಟ್ಟು.

ಇನ್ನು ಆರಂಭದಲ್ಲಿ ಹೇಳಿದ ಅಪಾಯ. ಇಮೇಜ್‌ಜೆಯಲ್ಲಿ 16 ಬಿಟ್‌ನಿಂದ 8 ಬಿಟ್‌ಗೆ ಇಳಿಸಿದರೆ ಅದು ಪರದೆಗೆ ನೀವು ಹೊಂದಿಸಿಕೊಂಡಿದ್ದ ಬೆಳಕು ಕತ್ತಲಿನ ಮಿತಿಯನ್ನೇ ಹಿಡಿದು ಎಲ್ಲ ಸಂಖ್ಯೆಗಳನ್ನೂ 0ಯಿಂದ 255ರೊಳಗೆ ಕೂರಿಸುತ್ತದೆ. ಔಷಧಿ ಹಾಕದ ಕಂಟ್ರೋಲ್ ಚಿತ್ರಕ್ಕೆ ಒಂದು ಮಿತಿ, ಔಷಧಿ ಹಾಕಿದ ಜೀವಕೋಶಗಳ ಚಿತ್ರಕ್ಕೆ ಇನ್ನೊಂದು ಮಿತಿ ಇತ್ತು ಅಂದರೆ ಎರಡರ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಜೆಪೆಗ್ ಇನ್ನೂ ಕೆಟ್ಟದ್ದು, ಅದು ಕಣ್ಣಿಗೆ ಕಾಣದ ವಿವರವನ್ನು ಎಸೆದು ಚಿಕ್ಕದಾಗುತ್ತದೆ, ಒಮ್ಮೆ ಹೋದದ್ದು ಮತ್ತೆ ಬರುವುದಿಲ್ಲ. ಯಾರೋ ವರ್ಷಗಟ್ಟಲೆ ಮಾಡಿದ ಪ್ರಯೋಗ, ಯಾವುದೋ ರೋಗಿಯ ಮಾದರಿ ಅದರ ಹಿಂದೆ ಇರುತ್ತದೆ. ಮೆಮೊರಿ ಸಾಲದಿದ್ದರೆ ಚಿತ್ರವನ್ನು ಕತ್ತರಿಸಿ, ಹಾಳೆಗಳನ್ನು ಭಾಗ ಮಾಡಿ, ಇನ್ನೊಬ್ಬರ ಕಂಪ್ಯೂಟರ್ ಕೇಳಿ ಪಡೆಯಿರಿ. ಪಿಕ್ಸೆಲ್‌ಗಳ ಬೆಲೆಯನ್ನು ಮಾತ್ರ ಮುಟ್ಟಬೇಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಇಮೇಜ್‌ಜೆ ಬಳಕೆದಾರರ ಆನ್‌ಲೈನ್ ವೇದಿಕೆಯಲ್ಲಿ ಕೇಳಿ, ಈ ಸಾಫ್ಟ್‌ವೇರ್ ಬರೆದವರೂ ಬಳಸುವವರೂ ಉತ್ತರ ಕೊಡುತ್ತಾರೆ. "ಫಿಜಿ ಕೆಲಸ ಮಾಡ್ತಿಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಳಗಿನ ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಆವೃತ್ತಿ, ಜಾವಾ, ಮೆಮೊರಿ ಎಲ್ಲ ಒಟ್ಟಿಗೆ ಕಾಣುತ್ತದಲ್ಲ, ಅದನ್ನು ಹಾಗೇ ಬರೆಯಿರಿ. ಯಾವ ಮೆನು ಒತ್ತಿದಾಗ ಆಯಿತು, ಕೆಂಪು ಬರಹದ ಪೂರ್ತಿ ಪಠ್ಯ, ಆ ಎಚ್‌ಎಸ್ ಎರರ್ ಫೈಲ್, ತೊಂದರೆ ತೋರಿಸುವ ಒಂದು ಚಿಕ್ಕ ಚಿತ್ರ ಕೊಡಿ. ಚಿತ್ರ ಆಸ್ಪತ್ರೆಯ ಸ್ಲೈಡ್ ಆಗಿದ್ದರೆ ಕಳಿಸುವ ಮೊದಲು ಒಳಗೆ ನೋಡಿ: ಸ್ಲೈಡ್ ಸ್ಕ್ಯಾನರ್‌ಗಳು ಗಾಜಿನ ಮೇಲಿನ ಚೀಟಿಯ ಫೋಟೋವನ್ನೂ ಅದೇ ಫೈಲಿನಲ್ಲಿ ಸೇರಿಸಿಡುತ್ತವೆ, ಅದರಲ್ಲಿ ರೋಗಿಯ ಹೆಸರೋ ನಂಬರೋ ಇರಬಹುದು. ಅಂಥ ಫೈಲಿನಿಂದ ಒಂದು ತುಂಡನ್ನು ಟಿಫ್ ಆಗಿ ಬೇರೆ ಉಳಿಸಿ, ಅದರಲ್ಲೂ ತೊಂದರೆ ಕಾಣಿಸುತ್ತದೆ ಅಂತ ಖಚಿತ ಮಾಡಿಕೊಂಡು, ಆ ತುಂಡನ್ನು ಮಾತ್ರ ಕಳಿಸಿ.